ಹಾಲಿಸ್ ಸಾಹೇಬರ ಕಾಗದಗಳು

ನೆಗ್ಗಿದ ತಗಡು ಕಂಡರೆ ನಿಜಲಿಂಗಪ್ಪನ ಕೈ ಸುಮ್ಮನಿರುವುದಿಲ್ಲ. ಲಂಡನ್ನಿನ ಕ್ವೀನ್ಸ್‌ಬರಿಯ ಟ್ಯೂಬ್ ರೈಲಿನ ಸ್ಟೇಷನ್ನಿನ ಎದುರು ಯಾರದೋ ಕಾರಿನ ಬಾಗಿಲಿಗೆ ಪೆಟ್ಟು ಬಿದ್ದಿದ್ದರೆ, ನಿಂತು, ಬಗ್ಗಿ ನೋಡಿ, ಹೆಬ್ಬೆರಳಿನಿಂದ ಒಮ್ಮೆ ಸವರಿಯೇ ಮುಂದೆ ಹೋಗುತ್ತಾನೆ. ಒಂದು ಸಲ ಕಾರಿನ ಒಡೆಯ ಇವನನ್ನು ಕಳ್ಳನೆಂದುಕೊಂಡು ಗದರಿಸಿದ. ನಿಜಲಿಂಗಪ್ಪ ಹೆದರುವುದು ಬಿಟ್ಟು, ಇದನ್ನು ಒಳಗಿನಿಂದ ತಟ್ಟಿದರೆ ಹತ್ತು ನಿಮಿಷದ ಕೆಲಸ, ಬಣ್ಣವೂ ಹೋಗುವುದಿಲ್ಲ, ಪುಟ್ಟಿ ಹಚ್ಚುವವರ ಹತ್ತಿರ ಮಾತ್ರ ಕೊಡಬೇಡಿ ಎಂದು ಅವನಿಗೇ ಬುದ್ಧಿ ಹೇಳಿ ಬಂದ. ಅರವತ್ತನಾಲ್ಕು ವರ್ಷದ ಈ ಮನುಷ್ಯನಿಗೆ ಬೇರೆ ಚಟವಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತೋ ಏನೋ.

ಬೆಳಗಾವಿಯಲ್ಲಿ ಲಾರಿಗಳಿಗೆ ಕ್ಯಾಬಿನ್ ಕಟ್ಟುವ ಗ್ಯಾರೇಜಿನಲ್ಲಿ ಕಲಿತ ಕೆಲಸ ಅವನದು. ಅಲ್ಲಿನ ಮಾಲೀಕನದು ಒಂದೇ ಮಾತು: ಗಿರಾಕಿಗೆ ಗಾಡಿ ಒಪ್ಪಿಸುವಾಗ ಅದರ ಮೈಮೇಲೆ ಹಳೆಯದರ ಗುರುತು ಒಂದೂ ಉಳಿಯಬಾರದು. ಆ ಮಾತನ್ನು ನಿಜಲಿಂಗಪ್ಪ ಜೀವನಪೂರ್ತಿ ಪಾಲಿಸಿದ. ಲಂಡನ್ನಿಗೆ ಅವನನ್ನು ಕರೆತಂದವಳು ಹೆಂಡತಿ ಚನ್ನಬಸವ್ವ. ಅವಳು ನರ್ಸು. ಇಲ್ಲಿನ ಆಸ್ಪತ್ರೆಗಳಿಗೆ ಜನ ಬೇಕಾಗಿದ್ದ ಕಾಲದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಗಂಡ, ಅವಳ ವೀಸಾದ ಬಾಲ ಹಿಡಿದುಕೊಂಡು, ಐದು ವರ್ಷದ ಮಗಳು ನೇತ್ರಾಳನ್ನು ಎತ್ತಿಕೊಂಡು ಹಿಂದೆ ಬಂದ. ಬಂದ ಮೂರನೆಯ ವಾರಕ್ಕೇ ಪಾರ್ಕ್ ರಾಯಲ್‌ನಲ್ಲಿ ಅಪಘಾತವಾದ ಕಾರುಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಸುತ್ತಿಗೆ ಹಿಡಿದ. ಶೆಡ್ಡಿನ ಮಾಲೀಕ ರಾಮಪ್ರಸಾದ್ ಬೆಂಗಳೂರಿನವನು, ಮಾತು ಜಾಸ್ತಿ, ಮನಸ್ಸು ಮೆತ್ತಗೆ.

ಚನ್ನಬಸವ್ವ ಇಪ್ಪತ್ತು ವರ್ಷ ಮಂದಿಯನ್ನು ಎಬ್ಬಿಸಿ ಕೂಡಿಸಿದಳು, ಮಗ್ಗುಲು ಬದಲಿಸಿದಳು, ಬಾತ್‌ರೂಮಿಗೆ ನಡೆಸಿದಳು. ಈಗ ಅವಳ ಮೊಣಕಾಲು, ಪಾದ, ಬೆರಳುಗಳ ಸಂದುಗಳೆಲ್ಲ ವಾತದಿಂದ ಸೊಟ್ಟಗಾಗಿವೆ. ಅವರ ಫ್ಲ್ಯಾಟು ಅಂಗಡಿ ಸಾಲಿನ ಮೇಲೆ ಎರಡನೆಯ ಮಹಡಿಯಲ್ಲಿದೆ. ಲಿಫ್ಟಿಲ್ಲ. ನಲವತ್ತೆರಡು ಮೆಟ್ಟಿಲು. ಹೋದ ದಸರೆಯಿಂದ ಈಚೆಗೆ ಅವಳು ಕೆಳಗಿಳಿದದ್ದು ಎರಡೇ ಸಲ, ಎರಡು ಸಲವೂ ಆಂಬ್ಯುಲೆನ್ಸಿನ ಹುಡುಗರು ಕುರ್ಚಿಯಲ್ಲಿ ಕೂಡಿಸಿ ಹೊತ್ತುಕೊಂಡು. ಜಿಪಿ, ಅಂದರೆ ಇವರ ಮಾಮೂಲಿ ಡಾಕ್ಟರ, ಇವರಿಗೆ ಕೆಳಗಿನ ಮನೆ ಬೇಕೆಂದು ಸಹಾನುಭೂತಿಯಿಂದ ಕಾಗದ ಬರೆದುಕೊಟ್ಟ. ಕೌನ್ಸಿಲ್ಲಿನವರು, ನಿಮ್ಮದು ಸ್ವಂತ ಮನೆ, ನಿಮ್ಮನ್ನು ಸರ್ಕಾರಿ ಮನೆಯ ಪಟ್ಟಿಗೆ ಸೇರಿಸಲು ಬರುವುದಿಲ್ಲ ಎಂದರು. ಸ್ವಂತ ಮನೆಯೆಂದು ಹೆಮ್ಮೆಪಟ್ಟು ತೆಗೆದುಕೊಂಡದ್ದೇ ಹೀಗೆ ಕುತ್ತಿಗೆಗೆ ಬಂದಿತ್ತು.

ಎರಡು ರಸ್ತೆ ಆಚೆ ಒಂದು ನೆಲಮಹಡಿಯ ಫ್ಲ್ಯಾಟು ಮಾರಾಟಕ್ಕೆ ಬಂತು. ಹೊಸ್ತಿಲು ಕೂಡ ಎತ್ತರವಿಲ್ಲ, ಹಿಂದೆ ನಾಲ್ಕು ಕುಂಡ ಇಡುವಷ್ಟು ಜಾಗ. ನಿಜಲಿಂಗಪ್ಪ ಫೋನಿನಲ್ಲಿ ವಿಡಿಯೋ ಮಾಡಿ ತಂದು ತೋರಿಸಿದ. ಚನ್ನಬಸವ್ವ ಅದನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು. ಈಗಿನದನ್ನು ಮಾರಿ, ಕೂಡಿಟ್ಟದ್ದೆಲ್ಲ ಹಾಕಿದ ಮೇಲೂ ತೊಂಬತ್ತು ಸಾವಿರ ಪೌಂಡ್ ಕಡಿಮೆ ಬೀಳುತ್ತಿತ್ತು. ಅಕ್ಟೋಬರ್ ಮುಗಿಯುವವರೆಗೆ ಕಾಯುತ್ತೇವೆ ಎಂದು ಮಾರುವವರು ಹೇಳಿದ್ದರು.

ಆ ಹಣಕ್ಕೆ ನಿಜಲಿಂಗಪ್ಪನ ಹತ್ತಿರ ಇದ್ದದ್ದು ಒಂದೇ ದಾರಿ, ಹಾಲಿಸ್ ಸಾಹೇಬರ ಕಾರು.

ಹಾಲಿಸ್ ಸ್ಟ್ಯಾನ್ಮೋರಿನ ಒಂಟಿ ಮುದುಕ. ತನ್ನ ಓಡಾಟದ ಕಾರಿನ ನೆಗ್ಗು ತೆಗೆಸಲು ಶೆಡ್ಡಿಗೆ ಬಂದವನು, ನಿಜಲಿಂಗಪ್ಪ ಸುತ್ತಿಗೆ ಹಿಡಿದದ್ದನ್ನು ಮುಕ್ಕಾಲು ಗಂಟೆ ನಿಂತು ನೋಡಿ, ಮರುದಿನ ಸುಮ್ಮನೆ ನೋಡಲಿಕ್ಕೆಂದೇ ಮತ್ತೆ ಬಂದ. ಹೆಸರು ಹೇಳಲು ನಾಲಗೆ ಹೊರಳದೆ ‘ಮಿಸ್ಟರ್ ಲಿಂಗ್’ ಎಂದು ಕರೆದ. ಅಂದಿನಿಂದ ತಿಂಗಳಿಗೆರಡು ಭಾನುವಾರ ಇವರ ಮನೆಯ ಊಟ. ಜೋಳದ ರೊಟ್ಟಿಗೆ ಮಾರ್ಮಲೇಡ್ ಹಚ್ಚಿಕೊಂಡು ತಿನ್ನುವ ಆ ಮುದುಕನನ್ನು ಕಂಡರೆ ಚನ್ನಬಸವ್ವನಿಗೆ ನಗು, ಮುದ್ದು ಎರಡೂ. ಪ್ರಾಯದಲ್ಲಿ ಅವನು ಕಾರಿನ ಪಂದ್ಯಗಳಲ್ಲಿ ಓಡಿಸಿದವನು. ಓಡಿಸಿದ ಕಾರು, ಲಾರ್ಕ್‌ಹಿಲ್ ಎಂಬ ಸಣ್ಣ ಕಂಪನಿಯದು, ಎರಡು ಸೀಟಿನದು, ಅವನ ಗ್ಯಾರೇಜಿನಲ್ಲಿ ಮೂವತ್ತು ವರ್ಷದಿಂದ ತುಕ್ಕು ಹಿಡಿಯುತ್ತಿತ್ತು. ಕಂಪನಿ ಮುಚ್ಚಿ ನಲವತ್ತು ವರ್ಷದ ಮೇಲಾಗಿತ್ತು. ಇಡೀ ದೇಶದಲ್ಲಿ ಅಂಥವು ಇಪ್ಪತ್ತು ಉಳಿದಿದ್ದರೆ ಹೆಚ್ಚು.

ಎರಡು ಸಾವಿರದ ಹದಿಮೂರರಲ್ಲಿ ಹಾಲಿಸ್ ತೀರಿಕೊಂಡ. ವಿಲ್ಲಿನಲ್ಲಿ ಕಾರನ್ನು ಮಿಸ್ಟರ್ ಲಿಂಗ್‌ಗೆ ಬರೆದಿಟ್ಟಿದ್ದ. ಅದರೊಡನೆ ಒಂದು ತಗಡಿನ ಟ್ರಂಕು ಬಂತು. ಒಳಗೆ ತುಂಬ ಕಾಗದ. ಕಾರು ಕೊಂಡ ದಿನದ ರಸೀದಿ, ಕಂಪನಿಯವರ ಪತ್ರಗಳು, ಪಂದ್ಯಗಳ ಪಟ್ಟಿ, ಫೋಟೋಗಳು, ಯಾವ ದಿನ ಯಾವ ನಟ್ಟು ಬದಲಿಸಿದ ಎನ್ನುವುದನ್ನೂ ಸಣ್ಣ ಅಕ್ಷರದಲ್ಲಿ ಬರೆದಿಟ್ಟ ಹದಿನಾಲ್ಕು ಡೈರಿಗಳು. ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು, ಅಂಚನ್ನು ಇಲಿ ತಿಂದಿತ್ತು.

“ಇದನ್ನೇನ ಮಾಡೂದು?” ಎಂದು ಅವನು ಹೆಂಡತಿಯನ್ನು ಕೇಳಿದ.

“ಹೋದವರ ಅಕ್ಷರ ಮನ್ಯಾಗ ಇಟ್ಕೋಬಾರದ್ರಿ. ಹಂಗಂತ ಕಸದ ಡಬ್ಬ್ಯಾಗೂ ಒಗೀಬಾರದು, ಮಂದಿ ತುಳೀತಾರ. ಹಿಂದ ಮುಂದ ಯಾರಿಲ್ಲ ಅವರಿಗೆ. ನೀವ ಮಗನ ಜಾಗದಾಗ ನಿಂತು ಹರಿಯೋ ನೀರಿಗೆ ಬಿಟ್ಟು ಬರ್ರಿ. ಅವರ ಜೀವಕ್ಕ ಸಮಾಧಾನ ಆಗ್ತದ.”

“ಇಲ್ಲಿ ನದ್ಯಾಗ ಏನರ ಹಾಕಿದ್ರ ಕೌನ್ಸಿಲ್ಲಿನವರು ದಂಡ ಹಾಕ್ತಾರ.”

“ಮುಂಜಾನೆ ಲಗೂನ ಹೋಗ್ರಿ. ಯಾರ ನೋಡ್ತಾರ?”

ನಮ್ಮ ಕಡೆ ಹರಿದ ಪುರಾಣದ ಪುಸ್ತಕ, ಒಡೆದ ದೇವರ ಪಟ ಹೊಳೆಗೆ ಬಿಡುವುದನ್ನು ನೋಡದವರು ಯಾರು? ಅಮಾವಾಸ್ಯೆಯ ಮರುದಿನ ನಿಜಲಿಂಗಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಟ್ರಂಕನ್ನು ರಾಮಪ್ರಸಾದನ ವ್ಯಾನಿನಲ್ಲಿ ಹಾಕಿಕೊಂಡು ಹೋದ. ಶೆಡ್ಡಿನ ಹತ್ತಿರವೇ ಕಾಲುವೆಯಿದೆ, ಆದರೆ ಅದರ ನೀರು ನಿಂತ ನೀರು. ಸಾಹೇಬರನ್ನು ನಿಂತ ನೀರಿಗೆ ಬಿಡಲು ಮನಸ್ಸು ಬರಲಿಲ್ಲ. ಬ್ರೆಂಟ್ ನದಿಯವರೆಗೂ ಹೋಗಿ, ಊದುಬತ್ತಿ ಹಚ್ಚಿ, ಒಂದೊಂದೇ ಡೈರಿಯನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗಿಟ್ಟ. ನಾಯಿ ಅಡ್ಡಾಡಿಸುತ್ತ ಬಂದ ಹೆಂಗಸೊಬ್ಬಳು ನಿಂತು ನೋಡಿದಾಗ ಮಾತ್ರ, ಅಪರಾಧಿಯ ಹಾಗೆ ‘ಗುಡ್ ಮಾರ್ನಿಂಗ್’ ಎಂದ. ಮನೆಗೆ ಬಂದಾಗ ಎದೆ ಹಗುರಾಗಿತ್ತು. ಹೆತ್ತ ತಂದೆಗೂ ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ ಅವನು, ತಂದೆ ಊರಲ್ಲಿ ತೀರಿಕೊಂಡಾಗ ಅವನು ಇಲ್ಲಿದ್ದ.

ಆಮೇಲೆ ಹನ್ನೊಂದು ವರ್ಷ, ಪ್ರತಿ ಶನಿವಾರ, ಶೆಡ್ಡಿನ ಮೂಲೆಯಲ್ಲಿ ಕಾರಿನ ಕೆಲಸ. ಕೊಳೆತ ತಗಡು ಕತ್ತರಿಸಿ ಹೊಸ ತಗಡು ಬಡಿದ. ಮುಂದಿನ ಚಕ್ರದ ಮೇಲಿನ ಕಮಾನನ್ನು ಮೂರು ಸಲ ಮಾಡಿ, ಮೂರು ಸಲವೂ ಮನಸ್ಸಿಗೆ ಬರದೆ ಮುರಿದು, ನಾಲ್ಕನೆಯದನ್ನು ಕೂಡಿಸಿದ. ಹರಿದ ಸೀಟು ಬಿಸಾಡಿ ಹೊಸ ಚರ್ಮ ಹೊದಿಸಿದ. ಕೊನೆಗೆ ಕೆಂಪು ಬಣ್ಣ. ಒಂದು ಫೋಟೋ ಕೂಡ ತೆಗೆಯಲಿಲ್ಲ. ಕೆಲಸ ಮಾಡುವವನು ಫೋಟೋ ತೆಗೆಯುತ್ತ ನಿಂತರೆ ಕೆಲಸ ಯಾರು ಮಾಡಬೇಕು ಎನ್ನುವುದು ಅವನ ಪ್ರಶ್ನೆ. ಲಾರ್ಕ್‌ಹಿಲ್ ಕಾರುಗಳು ಹರಾಜಿನಲ್ಲಿ ಲಕ್ಷದ ಮೇಲೆ ಹೋಗುತ್ತವೆ ಎಂದು ನೇತ್ರಾ ಇಂಟರ್‌ನೆಟ್ಟಿನಲ್ಲಿ ನೋಡಿ ಲೀಡ್ಸಿನಿಂದ ಫೋನು ಮಾಡಿ ಹೇಳಿದ್ದಳು. ಲಕ್ಷವೆಂದರೆ ಪೌಂಡಿನಲ್ಲಿ.

ಆಗಸ್ಟಿನಲ್ಲಿ ಹರಾಜು ಕಂಪನಿಯ ಹೆಂಗಸು ಶೆಡ್ಡಿಗೆ ಬಂದಳು. ಕಾರಿನ ಸುತ್ತ ಎರಡು ಸುತ್ತು ಹಾಕಿ, ಕಮಾನಿನ ಮೇಲೆ ಅಂಗೈ ಇಟ್ಟು, ಬಹಳ ಚೆನ್ನಾಗಿದೆ ಎಂದಳು. ನಿಜಲಿಂಗಪ್ಪನ ಮುಖ ಅರಳಿತು. ಯಾರು ಮಾಡಿದ್ದು ಎಂದು ಕೇಳಿದಳು. ನಾನು ಎಂದ. ಅಂದರೆ ಯಾವ ಕಂಪನಿ ಎಂದಳು. ಕಂಪನಿಯಲ್ಲ, ನಾನೇ ಎಂದ. ಅವಳು ಸೌಜನ್ಯದಿಂದ ನಕ್ಕು, ಏನೋ ಬರೆದುಕೊಂಡು, ಮುಂದಿನ ಪ್ರಶ್ನೆ ಕೇಳಿದಳು.

“ಹಿಸ್ಟರಿ ಫೈಲ್ ಎಲ್ಲಿದೆ?”

ಒಡೆತನದ ಕಾಗದವನ್ನೂ ವಿಲ್ಲಿನ ಪ್ರತಿಯನ್ನೂ ಅವನು ತೋರಿಸಿದ. ಇದಲ್ಲ ಎಂದಳು. ಹಳೆಯ ಬಿಲ್ಲು, ಪತ್ರ, ಪಂದ್ಯದ ಫೋಟೋ, ಡೈರಿ ಏನಾದರೂ? ಆಮೇಲೆ ಅವಳು, ಅರ್ಥವಾಗಲೆಂದು ನಿಧಾನವಾಗಿ, ಹೇಳಿದ್ದು ಇಷ್ಟು: ಇಂಥ ಕಾರಿಗೆ ಜನ ದುಡ್ಡು ಸುರಿಯುವುದು ಅದರ ತಗಡಿಗಲ್ಲ, ಬಣ್ಣಕ್ಕೂ ಅಲ್ಲ. ಇದು ಅದೇ ಕಾರು, ಇವನೇ ಓಡಿಸಿದ್ದು, ಆ ಪಂದ್ಯದಲ್ಲಿ ಇದ್ದದ್ದು ಇದೇ ಎನ್ನುವುದಕ್ಕೆ. ಅದನ್ನು ತೋರಿಸುವ ಕಾಗದ ಬೇಕು. ಕಾಗದವಿದ್ದರೆ ನೂರಾಹತ್ತು, ನೂರಾಮೂವತ್ತು ಸಾವಿರ. ಇಲ್ಲದಿದ್ದರೆ, ಇದು ಇಷ್ಟು ಹೊಸದಾಗಿ ಕಾಣುತ್ತದೆ, ಹಳೆಯ ನಂಬರ್ ಪ್ಲೇಟು ಇಟ್ಟುಕೊಂಡು ಮೊನ್ನೆ ಯಾರೋ ಕಟ್ಟಿದ್ದು ಎಂದು ಅನುಮಾನಪಡುವವರೇ ಹೆಚ್ಚು. ಮೂವತ್ತೈದು, ನಲವತ್ತು.

“ಏನೂ ಇಲ್ಲವೇ?” ಎಂದು ಅವಳು ಮತ್ತೆ ಕೇಳಿದಳು.

“ಇಲ್ಲ,” ಎಂದ ನಿಜಲಿಂಗಪ್ಪ.

ಮರುದಿನ ಅವನು ಏನು ಮಾಡಿದ ಗೊತ್ತೇ? ಬ್ರೆಂಟ್ ನದಿಗೆ ಹೋದ. ಹನ್ನೊಂದು ವರ್ಷದ ಹಿಂದೆ ಬಿಟ್ಟ ಕಾಗದವನ್ನು ಹುಡುಕಲು, ಪ್ಯಾಂಟು ಮಡಚಿಕೊಂಡು, ದಂಡೆಯ ಪೊದೆಗಳಲ್ಲಿ ಕೋಲಾಡಿಸುತ್ತ ಒಂದು ಮೈಲಿ ನಡೆದ. ಸಿಕ್ಕದ್ದು ಸೂಪರ್‌ಮಾರ್ಕೆಟ್ಟಿನ ಒಂದು ಟ್ರಾಲಿ ಮತ್ತು ಮಕ್ಕಳ ಬೂಟು. ಇದು ಹುಚ್ಚು ಎಂದು ಅವನಿಗೂ ಗೊತ್ತಿತ್ತು. ಆದರೂ ಸುಮ್ಮನೆ ಕೂರುವುದು ಹೇಗೆ? ಸಾಹೇಬರು ಓಡಿಸುತ್ತಿದ್ದ ಕಾಲದ ಕ್ಲಬ್ಬಿಗೆ ನೇತ್ರಾಳಿಂದ ಪತ್ರ ಬರೆಸಿದ. ಕ್ಲಬ್ಬು ಎಂದೋ ಮುಚ್ಚಿತ್ತು, ಗೊತ್ತಿದ್ದವರೆಲ್ಲ ಸತ್ತಿದ್ದರು. ಕಾರು ಮಾರುವುದನ್ನು ಮುಂದೆ ಹಾಕುವಂತೆಯೂ ಇರಲಿಲ್ಲ. ಶೆಡ್ಡನ್ನು ಕೆಡವಿ ಅಲ್ಲಿ ಫ್ಲ್ಯಾಟು ಕಟ್ಟುವವರಿದ್ದರು. ಅಕ್ಟೋಬರ್ ಕೊನೆಗೆ ರಾಮಪ್ರಸಾದನೇ ಜಾಗ ಖಾಲಿ ಮಾಡಬೇಕಿತ್ತು.

ಹೆಂಡತಿಗೆ ಮಾತ್ರ ಹೇಳಲಿಲ್ಲ. ನೀರಿಗೆ ಬಿಡಿ ಎಂದವಳು ಅವಳು. ಅವಳ ಕಾಲನ್ನು ಅವಳ ಮಾತೇ ಕಟ್ಟಿಹಾಕಿತು ಎಂದು ಯಾವ ಬಾಯಿಂದ ಹೇಳುವುದು? “ಲಿಲಾವು ಯಾವಾಗ್ರಿ?” ಎಂದು ಅವಳು ಹರಾಜಿನ ದಿನವನ್ನು ದಿನಾ ಕೇಳುವಳು. “ಇನ್ನೇನು ಬಂತು,” ಎನ್ನುವನು. “ಹೊಸಾ ಮನಿ ಹಿತ್ತಲದಾಗ ಕರಿಬೇವಿನ ಕುಂಡ ಬಿಸಲಿಗೆ ಇಡೂಣು. ನಾನ ನೀರ ಹಾಕ್ತೀನಿ,” ಎನ್ನುವಳು. ಅವನು ಹೂಂ ಎಂದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುವನು.

ಹರಾಜು ಕೆನ್ಸಿಂಗ್ಟನ್ ಕಡೆಯ ದೊಡ್ಡದೊಂದು ಹಾಲಿನಲ್ಲಿ, ಶನಿವಾರ ಮಧ್ಯಾಹ್ನ. ನಿಜಲಿಂಗಪ್ಪ ಮಗಳ ಕಾನ್ವೊಕೇಶನ್ನಿಗೆ ಹೊಲಿಸಿದ್ದ ಸೂಟು ಹಾಕಿದ್ದ. ಪಕ್ಕದಲ್ಲಿ ರಾಮಪ್ರಸಾದ್. ನಿಜಲಿಂಗಪ್ಪನ ಒಳಗೆ ಇನ್ನೂ ಒಂದು ಆಸೆಯಿತ್ತು: ಕಣ್ಣಿದ್ದವರು ನೋಡಲಿ, ಕಮಾನಿನ ಮೇಲೆ ಕೈ ಇಡಲಿ, ಆಮೇಲೆ ಕಾಗದ ಯಾರಿಗೆ ಬೇಕು?

ಅವನ ಕಾರಿಗಿಂತ ಮೊದಲು ವೇದಿಕೆಗೆ ಬಂದದ್ದೂ ಲಾರ್ಕ್‌ಹಿಲ್ಲೇ. ಬಂದದ್ದಲ್ಲ, ನಾಲ್ಕು ಜನ ತಳ್ಳಿಕೊಂಡು ತಂದದ್ದು. ಯಾವುದೋ ಹೊಲದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಕಾರು. ಬಣ್ಣ ಸುಲಿದು, ಸೀಟಿನಿಂದ ನಾರು ಹೊರಬಂದು, ಬಾನೆಟ್ಟಿನ ಮೇಲೆ ಕೋಳಿ ಹಿಕ್ಕೆ ಹಾಗೇ ಒಣಗಿಕೊಂಡಿತ್ತು. ಒರೆಸಿರಲೂ ಇಲ್ಲ. ಪಕ್ಕದ ಮೇಜಿನ ಮೇಲೆ ಮೂರು ದಪ್ಪ ಫೈಲು.

“ಅಣ್ಣಾ, ಇದನ್ನ ನಮ್ಮ ಶೆಡ್ಡಿಗೆ ತಂದಿದ್ರೆ ಗುಜರಿಗೆ ಕಳಿಸ್ತಿದ್ವಿ,” ಎಂದ ರಾಮಪ್ರಸಾದ್.

ಇಬ್ಬರು ಶ್ರೀಮಂತರಿಗೆ ಅದೇ ಬೇಕಾಗಿತ್ತು. ಒಬ್ಬ ಮುಂದಿನ ಸಾಲಿನಲ್ಲಿ, ಇನ್ನೊಬ್ಬ ಎಲ್ಲೋ ಫೋನಿನ ಆಚೆ. ನೂರು ದಾಟಿತು, ನೂರಿಪ್ಪತ್ತು ದಾಟಿತು. ಇಬ್ಬರಿಗೂ ಹಟ. ಕಾರಿನ ಮೇಲಿನ ಆಸೆ ನೂರಿಪ್ಪತ್ತಕ್ಕೇ ಮುಗಿದಿತ್ತು, ಆಮೇಲಿನದೆಲ್ಲ ಇನ್ನೊಬ್ಬನಿಗೆ ಬಿಟ್ಟುಕೊಡಬಾರದೆಂಬ ಛಲ. ಒಂದು ಲಕ್ಷ ಅರವತ್ತು ಸಾವಿರಕ್ಕೆ ಸುತ್ತಿಗೆ ಬಿತ್ತು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕೋಳಿ ಹಿಕ್ಕೆಗೆ! ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಕೆಂಪು ಕಾರು ಬಂತು. ಬೆಳಕು ಬಿದ್ದ ಕೂಡಲೆ ಹಾಲಿನಲ್ಲಿ ಸಣ್ಣದೊಂದು ‘ಆಹಾ’ ಎದ್ದದ್ದು ಸುಳ್ಳಲ್ಲ. ನಿಜಲಿಂಗಪ್ಪ ಕುರ್ಚಿಯ ಅಂಚಿಗೆ ಸರಿದ. ಹರಾಜು ಕೂಗುವವನು ಕಾರನ್ನು ಹೊಗಳಿದ, ಹೊಳಪನ್ನು ಹೊಗಳಿದ, ಆಮೇಲೆ ಸ್ವಲ್ಪ ದನಿ ತಗ್ಗಿಸಿ, ದುರದೃಷ್ಟವಶಾತ್ ಈ ಕಾರಿಗೆ ಹಿಸ್ಟರಿ ಫೈಲ್ ಇಲ್ಲ ಎಂದ. ಅಷ್ಟೇ. ಮುಂದಿನ ಸಾಲಿನವನು ಹರಾಜಿನ ಪಟ್ಟಿಯ ಪುಸ್ತಕದ ಹಾಳೆ ತಿರುವಿದ. ಇಪ್ಪತ್ತು, ಇಪ್ಪತ್ತೈದು, ಮೂವತ್ತು. ಮೂವತ್ತಾರಕ್ಕೆ ನಿಂತಿತು. ನಿಜಲಿಂಗಪ್ಪ ಹಾಲಿನ ಒಂದೊಂದು ಮುಖವನ್ನೂ ನೋಡಿದ. ಎದ್ದು ನಿಂತು, ಇದು ಸಾಹೇಬರ ಕಾರು, ನಾನು ಕಂಡಿದ್ದೇನೆ, ಅವರ ಡೈರಿ ಓದಿದ್ದೇನೆ ಎಂದು ಕೂಗಬೇಕೆನ್ನಿಸಿತು. ಕೂಗಿದರೆ ನಂಬುವವರು ಯಾರು? ಮೂವತ್ತೆಂಟು. ಸುತ್ತಿಗೆ ಬಿತ್ತು. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.

ಕೊಂಡವನು ಕನ್ನಡಕದ ತರುಣ. ಹೊರಗೆ ಇವನನ್ನು ಹುಡುಕಿಕೊಂಡು ಬಂದು ಕೈ ಕುಲುಕಿದ. “ಇಂಥ ಕೆಲಸ ನಾನು ನೋಡಿಲ್ಲ,” ಎಂದ. “ಆ ಹಾಲಿಸ್ ಇದನ್ನು ನಿಜವಾಗಿ ಪಂದ್ಯದಲ್ಲಿ ಓಡಿಸಿದ್ದನೇ?”

ನಿಜಲಿಂಗಪ್ಪ ಹೇಳಿದ. ಅರವತ್ತಮೂರನೆಯ ಇಸವಿ, ಮಳೆ, ಮೂರನೆಯ ಸ್ಥಾನ. ಹಿಂದಿನ ದಿನ ಅಭ್ಯಾಸದಲ್ಲಿ ಬೇಲಿಗೆ ಹೊಡೆದು ಎಡಗಡೆಯ ತಗಡು ಒಳಗೆ ಹೋಗಿತ್ತು, ಸಾಹೇಬರೇ ಒಂದು ಮರದ ಕೊಡತಿಯಿಂದ ಹೊರಗೆ ತಟ್ಟಿದ್ದರು. ತರುಣ ಮಗುವಿನ ಹಾಗೆ ಬಾಯಿಬಿಟ್ಟು ಕೇಳಿದ.

“ಇದನ್ನು ಯಾರಾದರೂ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು,” ಎಂದ.

“ಬರೆದಿಟ್ಟಿದ್ದರು.”

“ಎಲ್ಲಿದೆ?”

ನಿಜಲಿಂಗಪ್ಪ ವ್ಯಾನು ನಿಲ್ಲಿಸಿದ್ದ ಕಡೆ ನೋಡಿದ. ತರುಣ ಮತ್ತೊಮ್ಮೆ ಕೈ ಕುಲುಕಿ ಹೊರಟ. ರಾಮಪ್ರಸಾದ್ ವ್ಯಾನಿನಲ್ಲಿ ಮನೆಯವರೆಗೂ ಒಂದು ಮಾತೂ ಆಡಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ವಿಷಯ.

ಮೆಟ್ಟಿಲು ಹತ್ತುವಾಗ ನಿಜಲಿಂಗಪ್ಪ ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡ. ಬಾಗಿಲು ತೆಗೆದರೆ ಚನ್ನಬಸವ್ವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

“ಮೂವತ್ತೆಂಟಕ್ಕ ಹೋತು. ಇವತ್ತ ಮಂದೀನ ಬಂದಿದ್ದಿಲ್ಲ, ಬಸವ್ವ. ಮಳಿ ನೋಡು. ಬಜಾರ ಬಿದ್ದದಂತ.”

“ಹಾಲ್ ತುಂಬಿತ್ತಲ್ರಿ,” ಎಂದಳು ಅವಳು. “ನೇತ್ರಾ ಲೀಡ್ಸಿನಿಂದ ಲಿಲಾವಿನ ಲೈವ್ ವಿಡಿಯೋ ನನ್ನ ಫೋನಿಗೆ ಹಚ್ಚಿಕೊಟ್ಟಿದ್ಲು. ನಾ ಪೂರಾ ನೋಡಿದೆ. ಆ ಹೊಲಸ ಕಾರಿಂದೂ ನೋಡಿದೆ.”

ಅವನು ಕೋಟು ಬಿಚ್ಚುತ್ತಿದ್ದವನು ಅರ್ಧ ತೋಳಿನಲ್ಲೇ ನಿಂತ.

“ಫೈಲ್ ಅಂದ್ರ ಟ್ರಂಕಿನಾಗಿನ ಕಾಗದ ಹೌದಲ್ರಿ?”

“ಅದಕ್ಕೂ ಇದಕ್ಕೂ ಏನ ಸಂಬಂಧ ಇಲ್ಲ.”

“ನೀರಿಗೆ ಬಿಡ್ರಿ ಅಂತ ನಾನ ಹೇಳಿದ್ದೆ.”

“ನೀ ಹೇಳಿಲ್ಲ. ನನಗ ಮನಸಿಗೆ ಬಂತು, ಬಿಟ್ಟೆ.”

“ನಾ ಹೇಳಿದ್ದೆ ರೀ.”

“ಇಲ್ಲಂದ್ನೆಲ್ಲಾ,” ಎಂದು ಅವನು ದನಿ ಎತ್ತಿದ. ಹಿಂದೆಂದಾದರೂ ಅವಳ ಮೇಲೆ ದನಿ ಎತ್ತಿದ್ದು ಅವನಿಗೆ ನೆನಪಿರಲಿಲ್ಲ. ಎತ್ತಿದವನೇ ಕುಸಿದು ಮಂಚದ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಎಂಥ ನೆಗ್ಗನ್ನೂ ತೆಗೆಯುವ ಆ ಕೈಗಳಿಗೆ ಈಗ ಮಾಡಲು ಏನೂ ಇರಲಿಲ್ಲ. ಅವನಿಗೆ ಅಳು ಬಂತು, ಅತ್ತ. ಅವಳು ಎದ್ದು ಬಂದು ಅವನ ಹತ್ತಿರ ಕೂರಬೇಕೆಂದು ಕುರ್ಚಿಯ ಕೈಗಳನ್ನು ಹಿಡಿದು ಒಮ್ಮೆ ಒತ್ತಿ ನೋಡಿದಳು. ಮೊಣಕಾಲು ಏಳಲಿಲ್ಲ. ಕೂತಲ್ಲೇ ಕೂತಳು.

ಸ್ವಲ್ಪ ಹೊತ್ತಿಗೆ ಅವಳ ಕುರ್ಚಿಯ ಪಕ್ಕದಲ್ಲಿದ್ದ ಫೋನು ರಿಂಗಾಯಿತು. ಎಸ್ಟೇಟ್ ಏಜೆಂಟರ ಆಫೀಸಿನ ಹುಡುಗಿ. ಆಫೀಸು ಮುಚ್ಚುವ ಹೊತ್ತು; ನೆಲಮಹಡಿಯ ಫ್ಲ್ಯಾಟಿನ ವಿಷಯ ಇಂದೇ ಹೇಳುತ್ತೇವೆ ಎಂದು ನಿಜಲಿಂಗಪ್ಪನೇ ಮಾತು ಕೊಟ್ಟಿದ್ದ. ಅವನು ಫೋನನ್ನು ನೋಡಿದ, ಮುಟ್ಟಲಿಲ್ಲ. ಚನ್ನಬಸವ್ವ ಅದನ್ನೆತ್ತಿಕೊಂಡು ಇಂಗ್ಲಿಷಿನಲ್ಲಿ, ಇಪ್ಪತ್ತು ವರ್ಷ ವಾರ್ಡಿನಲ್ಲಿ ರೋಗಿಗಳ ಕಡೆಯವರೊಡನೆ ಮಾತಾಡಿದ ಆ ಶಾಂತವಾದ ದನಿಯಲ್ಲಿ, ನಾವು ಯೋಚನೆ ಮಾಡಿದೆವು, ಆ ಮನೆ ಬೇಡ, ನಮಗೆ ಇಲ್ಲೇ ಚೆನ್ನಾಗಿದೆ ಎಂದಳು. ಹುಡುಗಿ ಒಳ್ಳೆಯವಳು. ಬೇಜಾರಾಯಿತು ಎಂದಳು. ಆಮೇಲೆ, ಬೇಡವೆಂಬುದಕ್ಕೆ ಒಂದು ಸಹಿ ಬೇಕು, ನೀವು ನಮ್ಮ ಆಫೀಸಿನ ಮೇಲೇ ಇರುವವರಲ್ಲವೇ, ಯಾವಾಗಲಾದರೂ ಹಾಲು ತರಲು ಇಳಿದಾಗ ಹಾಗೇ ಒಳಗೆ ಬಂದು ಹಾಕಿಬಿಡಿ, ಒಂದೇ ನಿಮಿಷ ಎಂದಳು.

“ಆಗಲಿ,” ಎಂದಳು ಚನ್ನಬಸವ್ವ. “ನಾನೇ ಬರ್ತೀನಿ.”